ಖಾಲಿ ಪಿಕಪ್

‘ಪುಣೆಯಲ್ಲಿ ಪಿಕಪ್ ಯಾಕೋ?’ ಎಂದು ಕೇಳದವರಿಲ್ಲ. ನನ್ನದು ಟೊಯೊಟಾ ಹೈಲಕ್ಸ್, ನಮ್ಮ ಬಿಡದಿಯಲ್ಲಿ ತಯಾರಾದದ್ದು. ನಾನು ಕೊಂಡಾಗ ‘ಸ್ಟ್ಯಾಂಡರ್ಡ್’ನಲ್ಲಿ ಮ್ಯಾನ್ಯುವಲ್ ಗೇರ್ ಮಾತ್ರ ಇತ್ತು, ಟ್ರಾಫಿಕ್ಕಿಗೆ ಹೆದರಿ ‘ಹೈ’ ಆಟೊಮ್ಯಾಟಿಕ್ ಆರಿಸಿದೆ. 2.8 ಲೀಟರ್ ಡೀಸೆಲ್, 500 ಎನ್‌ಎಂ ಟಾರ್ಕ್. ಖಂಬಾಟ್ಕಿ ಘಾಟ್ ಲೆಕ್ಕಕ್ಕೇ ಇಲ್ಲ. 60 ಸಾವಿರ ಕಿ.ಮೀ. ಓಡಿದೆ; ಆಯಿಲ್, ಫಿಲ್ಟರ್, ಟೈರು ಬಿಟ್ಟರೆ ಬೇರೆ ಖರ್ಚಿಲ್ಲ. ಉದ್ದ 5.3 ಮೀಟರ್, ಸೊಸೈಟಿ ಪಾರ್ಕಿಂಗ್‌ನಲ್ಲಿ ಮೂತಿ ಹೊರಗೇ.

ಹಿಂದಿನ ಲೀಫ್ ಸ್ಪ್ರಿಂಗ್ ಇರುವುದೇ ಭಾರ ಹೊರಲು. ಖಾಲಿಯಿದ್ದರೆ ಗಾಡಿ ಕುಲುಕುತ್ತದೆ. ಶಿರಸಿಯಿಂದ ಹೊರಡುವಾಗ ಅಪ್ಪ ಅಕ್ಕಿಮೂಟೆ, ತೆಂಗಿನಕಾಯಿ ತುಂಬಿಸುತ್ತಿದ್ದರು. ಆಗ ಕಾರಿನ ಹಾಗೆ ಸಾಗುತ್ತಿತ್ತು. ಕಳೆದ ತಿಂಗಳು ಅಪ್ಪ ತೋಟ ಮಾರಿದರು. ಪುಣೆಯವರೆಗೂ ಕುಲುಕುತ್ತಲೇ ಬಂದೆ.

ಕೊಳ್ಳುವವರಿಗೆ ನನ್ನದೊಂದೇ ಮಾತು: ವೇರಿಯಂಟ್ ಆಮೇಲೆ ನೋಡಿ, ಹೊರಲು ಭಾರ ಇದೆಯೇ, ಮೊದಲು ಅದನ್ನು ನೋಡಿ.