ಶೀರ್ಷಿಕೆ ಹಾಡಿಗೂ ಒಂದು ಜಾಗ ಬೇಕು

ಆಗುಂಬೆಯ ದೊಡ್ಡಮನೆಗೆ ಬಂದ ಪ್ರವಾಸಿಗರು ಮೊದಲು ಫೋಟೋ ತೆಗೆಯುತ್ತಾರೆ, ಆಮೇಲೆ ತಮಗೆ ಗೊತ್ತಿಲ್ಲದೆಯೇ ಗುನುಗತೊಡಗುತ್ತಾರೆ. ಶಂಕರನಾಗ್ ಇಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಿಸಿ ನಲವತ್ತು ವರ್ಷವಾಗುತ್ತ ಬಂತು. ಯಾವ ಕಂತಿನಲ್ಲಿ ಏನಾಯಿತೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಶೀರ್ಷಿಕೆಯ ಆ ರಾಗ ಮಾತ್ರ ಯಾರಿಗೂ ತಪ್ಪುವುದಿಲ್ಲ.

ಇದನ್ನು ಬರೀ ಹಳೇ ನೆನಪಿನ ಗೀಳು ಎಂದು ತಳ್ಳಿಹಾಕುವುದು ಸರಿಯಲ್ಲ. ಅದು ಉಳಿದದ್ದಕ್ಕೆ ಕಾರಣವಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಒಂಟಿಮನೆಗಳಿಗೆ ಟಿವಿ ಬಂದ ಹೊಸತರಲ್ಲಿ ಸಿಗ್ನಲ್ಲಿಗೆ ಗುಡ್ಡವೇ ಅಡ್ಡ. ಉದ್ದನೆಯ ಕಂಬಕ್ಕೆ ಆಂಟೆನಾ ಕಟ್ಟಿ ಒಬ್ಬ ಅಂಗಳದಲ್ಲಿ ನಿಂತು ತಿರುಗಿಸಬೇಕು, ಒಳಗಿದ್ದವರು “ಬಂತು, ಬಂತು... ಹೋಯ್ತು ಮಾರಾಯ” ಎಂದು ಕೂಗಬೇಕು. ಆಗಿನ ಪ್ರಸಾರದಲ್ಲಿ ಚಿತ್ರ ಬರುವ ವಿಧಾನ ಬೇರೆ, ಧ್ವನಿ ಬರುವ ವಿಧಾನ ಬೇರೆ. ಹಾಗಾಗಿ ಪರದೆಯ ತುಂಬ ಚುಕ್ಕೆ ಸುರಿಯುತ್ತಿದ್ದರೂ ಧ್ವನಿ ತಕ್ಕಮಟ್ಟಿಗೆ ಸ್ವಚ್ಛವಾಗಿಯೇ ಕೇಳುತ್ತಿತ್ತು. ಒಲೆಯ ಮುಂದಿದ್ದವರನ್ನೂ ಕೊಟ್ಟಿಗೆಯಲ್ಲಿದ್ದವರನ್ನೂ ಟಿವಿಯ ಮುಂದೆ ಕರೆದು ತರುತ್ತಿದ್ದುದು ಶೀರ್ಷಿಕೆಯ ಸಂಗೀತವೇ. ಧಾರಾವಾಹಿಗಳನ್ನು ಮಲೆನಾಡು ನೋಡಿದ್ದಕ್ಕಿಂತ ಕೇಳಿದ್ದು ಹೆಚ್ಚು.

ಮೇಲಾಗಿ ಮಾಲ್ಗುಡಿಯ ಪಾತ್ರಗಳು ಮಾತಾಡಿದ್ದು ಹಿಂದಿಯಲ್ಲಿ. ತಮ್ಮದೇ ಊರಿನ ಬೀದಿ, ಜಗಲಿ ತೆರೆಯ ಮೇಲಿದ್ದರೂ ಸಂಭಾಷಣೆ ಎಷ್ಟೋ ಅಜ್ಜಿಯರಿಗೆ ಅರ್ಥವಾಗುತ್ತಿರಲಿಲ್ಲ. ಶೀರ್ಷಿಕೆಯ ರಾಗಕ್ಕೆ ಆ ತೊಡಕಿರಲಿಲ್ಲ. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳ ಜೊತೆ ಸಾಹಿತ್ಯವೇ ಇಲ್ಲದ ಗುನುಗು ಹರಿದುಬರುತ್ತಿತ್ತು. ಅದನ್ನು ಕಟ್ಟಿದವರು ಎಲ್. ವೈದ್ಯನಾಥನ್. ಪಿಟೀಲಿನ ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣ. ಕನ್ನಡದ ‘ಅಪರಿಚಿತ’, ‘ಒಂದು ಮುತ್ತಿನ ಕಥೆ’ ಚಿತ್ರಗಳ ಸಂಗೀತ ನಿರ್ದೇಶಕ. ಮಾತೇ ಇಲ್ಲದ ‘ಪುಷ್ಪಕ ವಿಮಾನ’ಕ್ಕೆ ಹಿನ್ನೆಲೆ ಸಂಗೀತ ಕೊಟ್ಟವರೂ ಇವರೇ. ಮಾತಿಲ್ಲದೆ ಹೇಳುವುದು ಅವರಿಗೆ ಕರತಲಾಮಲಕವಾಗಿತ್ತು. 2007ರಲ್ಲಿ ತೀರಿಕೊಂಡರು. ಶಂಕರನಾಗ್ ಹೆಸರನ್ನು ಪ್ರೀತಿಯಿಂದ ಹೇಳುವ ಈ ಊರುಗಳಲ್ಲೂ ವೈದ್ಯನಾಥನ್ ಹೆಸರು ಹೇಳುವವರು ಅಪರೂಪ.

ಇದೇ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಬೇರೆಯೇ ಕಥೆಯಿದೆ. ಬಿ.ವಿ. ಕಾರಂತರ ರಂಗಗೀತೆಗಳು ನಾಟಕ ಮುಗಿದ ಮೇಲೂ ಬದುಕಿದವು. 1985ರಲ್ಲಿ ಶುರುವಾದ ನೀನಾಸಂ ತಿರುಗಾಟದಂಥ ತಂಡಗಳು ರಂಗಗೀತೆಯನ್ನು ಊರೂರಿಗೆ ಒಯ್ದವು. ಶಿಬಿರಗಳಲ್ಲಿ ಮಕ್ಕಳು ಕಲಿತರು. ಯಾರ ಹಾಡು, ಯಾವ ನಾಟಕದ್ದು ಎಂಬ ತಿಳಿವಳಿಕೆಯೂ ಹಾಡಿನ ಜೊತೆಗೇ ಸಾಗಿತು. ಧಾರಾವಾಹಿಯ ಹಾಡನ್ನು ಹೀಗೆ ಹೊತ್ತು ತಿರುಗುವವರಿರಲಿಲ್ಲ. ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’, ‘ಮುಕ್ತ’ದ ಶೀರ್ಷಿಕೆ ಗೀತೆಗಳನ್ನು ಬರೆದವರು ಎಚ್.ಎಸ್. ವೆಂಕಟೇಶಮೂರ್ತಿಯವರಂಥ ಕವಿ. ಅವರ ಭಾವಗೀತೆಗಳಿಗೆ ಸಿಕ್ಕ ಗೌರವ ಈ ಹಾಡುಗಳಿಗೂ ಸಿಗಬೇಕಿತ್ತು. ದಿನವೂ ಮನೆಮನೆಯಲ್ಲಿ ಮೊಳಗಿದ ಹಾಡನ್ನು ಸುಗಮ ಸಂಗೀತದ ಚರಿತ್ರೆಯಿಂದ ಹೊರಗಿಡುವುದು ಅನ್ಯಾಯ.

ಈಗಂತೂ ಮೊಬೈಲಿನಲ್ಲಿ ಶೀರ್ಷಿಕೆಯನ್ನು ಹಾರಿಸಿ ಮುಂದೆ ಹೋಗಲು ಒಂದು ಗುಂಡಿಯೇ ಇದೆ.

ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಲಾಂಚಿನ ದಿನಗಳ ಫೋಟೋ, ವಿಡಿಯೊಗಳಿಗೆ ಬೆಲೆ ಬಂದಿದೆ. ಕಣ್ಣಿಗೆ ಕಂಡದ್ದನ್ನು ಉಳಿಸುವ ಈ ಕಾಳಜಿ ಕಿವಿಗೆ ಬಿದ್ದದ್ದಕ್ಕೂ ಸಲ್ಲಬೇಕು. ಹೊಸನಗರ ತಾಲೂಕಿನ ಅರಸಾಳು ಸ್ಟೇಷನ್ನಿನಲ್ಲಿ ಮಾಲ್ಗುಡಿಯ ದೃಶ್ಯಗಳು ಚಿತ್ರೀಕರಣಗೊಂಡಿದ್ದವು. ಅಲ್ಲಿನ ಹಳೇ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಬಂದವರು ಕೂತು ಆ ಸಂಗೀತವನ್ನು ಪೂರ್ತಿ ಕೇಳಲು, ಕಟ್ಟಿದವರ ಬಗ್ಗೆ ಓದಲು ಅಲ್ಲೊಂದು ಮೂಲೆ ಮೀಸಲಿದ್ದರೆ ಚೆನ್ನ. ದೊಡ್ಡ ಹೊಣೆ ದೂರದರ್ಶನದ್ದು. ಚಂದನದ ಹಳೇ ಶೀರ್ಷಿಕೆ ಗೀತೆಗಳನ್ನೆಲ್ಲ ಒಂದೆಡೆ ಕಲೆಹಾಕಿ, ಬರೆದವರು, ಹಾಡಿದವರು, ಕೊಳಲು, ತಬಲ ನುಡಿಸಿದವರ ಹೆಸರುಗಳೊಂದಿಗೆ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಬೇಕು. ಆ ಕಲಾವಿದರಿಗೆ ವಯಸ್ಸಾಗುತ್ತಿದೆ. ಅವರನ್ನು ಮಾತಾಡಿಸಿ ದಾಖಲಿಸುವ ಕೆಲಸ ಮೊದಲು ಆಗಲಿ.