ಬಣ್ಣದ ಕಾಗದದ ಲೆಕ್ಕ

ಚನ್ನಪಟ್ಟಣದ ಬೊಂಬೆಗಳನ್ನೋ, ಮನೆಯಲ್ಲೇ ಮಾಡಿದ ಮೇಣದ ಬತ್ತಿಗಳನ್ನೋ, ಕಸೂತಿ ಹಾಕಿದ ಚೀಲಗಳನ್ನೋ ಆನ್‌ಲೈನಿನಲ್ಲಿ ಮಾರುವ ಮನೆಗಳು ಈಗ ಬೀದಿಗೊಂದರಂತೆ ಸಿಗುತ್ತವೆ. ಅಮ್ಮ ಆರ್ಡರು ನೋಡುತ್ತಾರೆ, ಕಾಲೇಜಿಗೆ ಹೋಗುವ ಮಗಳು ಫೋಟೊ ತೆಗೆದು ಹಾಕುತ್ತಾಳೆ, ಹೈಸ್ಕೂಲಿನ ಮಗ ಕೊರಿಯರ್ ಅಂಗಡಿಗೆ ಸೈಕಲ್ ತುಳಿಯುತ್ತಾನೆ. ದೀಪಾವಳಿಗೆ ಮೂರು ವಾರ ಇದೆ ಎನ್ನುವಾಗ ಗಿರಾಕಿಗಳಿಂದ ಒಂದು ಪ್ರಶ್ನೆ ಬರತೊಡಗುತ್ತದೆ: ‘ಗಿಫ್ಟ್ ಪ್ಯಾಕ್ ಮಾಡಿ ಕಳಿಸ್ತೀರಾ?’ ‘ಓಹೋ, ಮಾಡಿಕೊಡ್ತೀವಿ, ಅದಕ್ಕೆ ದುಡ್ಡೇನೂ ಬೇಡ’ ಎಂದು ಅಮ್ಮ ಬರೆದುಬಿಡುತ್ತಾರೆ. ಒಂದು ಹಾಳೆ ಕಾಗದ, ಒಂದು ಮೊಳ ರಿಬ್ಬನ್, ಎಷ್ಟಾದೀತು?

ಎಷ್ಟಾದೀತು ಎಂಬುದನ್ನೇ ಈ ವಾರ ಕೂತು ನೋಡೋಣ. ಮನೆಯಲ್ಲಿ ಎಂಟನೆಯದೋ ಒಂಬತ್ತನೆಯದೋ ಓದುವವರಿದ್ದರೆ ಸ್ಕೇಲು, ಪೆನ್ಸಿಲ್ ಹಿಡಿದು ಹತ್ತಿರ ಬರಲಿ. ಕ್ಷೇತ್ರಗಣಿತ ಯಾಕೆ ಕಲಿಯಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆದಿಲ್ಲ.

ಬೊಂಬೆ ತುಂಬಿದ ರಟ್ಟಿನ ಡಬ್ಬಿಯೊಂದರ ಉದ್ದ 20 ಸೆಂ.ಮೀ., ಅಗಲ 15, ಎತ್ತರ 10 ಎಂದಿಟ್ಟುಕೊಳ್ಳಿ. ಡಬ್ಬಿಯ ಸುತ್ತ ಒಂದು ಸುತ್ತು ಬರಲು ಅಗಲ ಮತ್ತು ಎತ್ತರವನ್ನು ಕೂಡಿಸಿ ಎರಡರಿಂದ ಗುಣಿಸಬೇಕು: 50 ಸೆಂ.ಮೀ. ಅಂಚಿನ ಮೇಲೆ ಅಂಚು ಕೂರಲು ಇನ್ನೊಂದು 3. ಒಟ್ಟು 53. ಇನ್ನೊಂದು ದಿಕ್ಕಿಗೆ ಉದ್ದಕ್ಕೆ ಎತ್ತರವನ್ನು ಕೂಡಿಸಿ, ಎರಡು ತುದಿಯ ಮಡಿಕೆಗೆಂದು 2 ಸೆಂ.ಮೀ. ಸೇರಿಸಿದರೆ 32. ಪುಸ್ತಕದಂಗಡಿಯಿಂದ ತಂದ ಬಣ್ಣದ ಹಾಳೆ 50ಕ್ಕೆ 70ರದು ಎನ್ನಿ. ಹೇಗೆ ತಿರುಗಿಸಿದರೂ ಒಂದು ಹಾಳೆಗೆ ಒಂದೇ ಡಬ್ಬಿ. ಉಳಿದ ತುಂಡು ಯಾವ ಡಬ್ಬಿಗೂ ಸಾಲದು.

ಈಗ ಎತ್ತರವನ್ನು 10ರ ಬದಲು 8 ಮಾಡಿ. ಸುತ್ತಳತೆ 46, ಅಂಚು ಸೇರಿ 49. ಇನ್ನೊಂದು ದಿಕ್ಕಿಗೆ 30. ಹಾಳೆಯನ್ನು ನಡುವೆ ಕತ್ತರಿಸಿದರೆ 50ಕ್ಕೆ 35ರ ಎರಡು ತುಂಡು, ಎರಡು ಡಬ್ಬಿ! ಮೇಲೆ 5 ಸೆಂ.ಮೀ. ಪಟ್ಟಿ ಉಳಿದು ಹೆಸರು ಬರೆಯುವ ಚೀಟಿಗೂ ಆಯಿತು. ಎರಡೇ ಎರಡು ಸೆಂಟಿಮೀಟರಿನಲ್ಲಿ ಕಾಗದದ ಖರ್ಚು ಅರ್ಧಕ್ಕೆ ಇಳಿಯಿತು. ಆದ್ದರಿಂದ ಹಬ್ಬಕ್ಕೆಂದು ಡಬ್ಬಿ ಮಾಡಿಸುವ ಮೊದಲೇ ಕಾಗದದ ಅಳತೆ ಗೊತ್ತಿರಬೇಕು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದರ ತಿರುಗಾಮುರುಗಾ.

ಆದರೆ ಕಾಗದ ನಿಜವಾದ ಖರ್ಚೇ ಅಲ್ಲ. ಖರ್ಚು ಕೂತಿರುವುದು ಕೊರಿಯರಿನವರ ತಕ್ಕಡಿಯಲ್ಲಿ. ಅವರು ತೂಗುವುದು ಸಾಮಾನಿನ ಭಾರವನ್ನಷ್ಟೇ ಅಲ್ಲ, ಗಾಡಿಯಲ್ಲಿ ಅದು ಹಿಡಿಯುವ ಜಾಗವನ್ನೂ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು ಅನೇಕ ಕಂಪನಿಗಳು 5000ದಿಂದ ಭಾಗಿಸುತ್ತವೆ. ಬರುವ ಸಂಖ್ಯೆ ಕಿಲೋ ಲೆಕ್ಕದ ‘ಗಾತ್ರದ ತೂಕ’. ಇದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ದರ ಏರುವುದೂ ಹಲವು ಕಡೆ ಅರ್ಧ ಕಿಲೋಗೊಂದು ಮೆಟ್ಟಿಲಿನಂತೆ.

ನಮ್ಮ 20, 15, 8ರ ಡಬ್ಬಿಯನ್ನೇ ನೋಡಿ. ಗುಣಿಸಿದರೆ 2400, ಭಾಗಿಸಿದರೆ 0.48 ಕಿಲೋ. ಬರಿಯ ಡಬ್ಬಿಯನ್ನು ಕೊರಿಯರ್ ಕವರಿನಲ್ಲಿ ಹಾಕಿದರೆ ಅರ್ಧ ಕಿಲೋದ ಗೆರೆಯೊಳಗೆ ಹೇಗೋ ನಿಲ್ಲುತ್ತದೆ. ಆದರೆ ಬಣ್ಣದ ಕಾಗದ ಸುತ್ತಿ ರಿಬ್ಬನ್ ಹೂ ಅಂಟಿಸಿದ್ದನ್ನು ಹಾಗೆ ಕಳಿಸಲಾಗುತ್ತದೆಯೇ? ಮೂಲೆಗಳೆಲ್ಲ ಹರಿದು ಹೋಗುತ್ತವೆ. ಹೊರಗಿನಿಂದ ಇನ್ನೊಂದು ರಟ್ಟಿನ ಡಬ್ಬಿ ಬೇಕೇ ಬೇಕು. ಸುತ್ತಲೂ ಒಂದೊಂದೇ ಸೆಂಟಿಮೀಟರ್ ಬಿಟ್ಟರೂ ಅದು 22, 17, 10 ಆಯಿತು: 3740, ಅಂದರೆ ಸುಮಾರು 0.75 ಕಿಲೋ. ಒಳಗಿನ ಬೊಂಬೆ 300 ಗ್ರಾಂ ಇದ್ದರೂ ಈಗ ಕಟ್ಟಬೇಕಾದದ್ದು ಒಂದು ಕಿಲೋದ ದರ.

ಒಂದು ಅಂದಾಜು ಪಟ್ಟಿ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನವನ್ನು ನೀವೇ ತುಂಬಿಕೊಳ್ಳಿ. ಅರ್ಧ ಹಾಳೆಗೆ 10 ರೂಪಾಯಿ, ರಿಬ್ಬನ್ನು ಟೇಪು ಚೀಟಿಗೆ 10, ಹೊರಡಬ್ಬಿಗೆ 15, ಕೊರಿಯರಿನ ಹೆಚ್ಚುವರಿ 30, ಎಂಟು ನಿಮಿಷದ ಕೂಲಿ ಗಂಟೆಗೆ 90ರಂತೆ 12. ಒಟ್ಟು 77. ಆ ಬೊಂಬೆಯ ಮೇಲೆ ಉಳಿಯುತ್ತಿದ್ದದ್ದು 120 ಆಗಿದ್ದರೆ, ‘ದುಡ್ಡೇನೂ ಬೇಡ’ ಎಂದ ಆ ಒಂದು ಮಾತಿಗೆ ಉಳಿದದ್ದು 43.

ಕೂಲಿಯನ್ನು ಯಾಕೆ ಹಿಡಿದಿರಿ, ಮಾಡುವವರು ಮನೆಯವರೇ ತಾನೆ ಎನ್ನಬಹುದು. ಹಿಡಿಯಲೇಬೇಕು. ಎಂಟು ನಿಮಿಷದ ಮೂವತ್ತು ಡಬ್ಬಿ ಎಂದರೆ ನಾಲ್ಕು ಗಂಟೆ. ಅಡುಗೆಮನೆಯ ಕೆಲಸ ಮುಗಿದ ಮೇಲೆ ಅಮ್ಮ ಕೂರುವ ನಾಲ್ಕು ಗಂಟೆ, ಅಥವಾ ಮರುದಿನ ಕಿರುಪರೀಕ್ಷೆ ಇರುವ ಮಗಳ ನಾಲ್ಕು ಗಂಟೆ. ಪುಸ್ತಕದಲ್ಲಿ ಬರೆಯದ ದುಡಿಮೆಯನ್ನು ಲಾಭ ಎಂದು ಕರೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಳೆಯದು. ಮಗಳು ಕಟ್ಟಿದ ಡಬ್ಬಿಗಳಿಗೆ ಲೆಕ್ಕವಿಟ್ಟು ಅವಳ ಕೈಗೇ ಹಣ ಕೊಡಿ. ಪರೀಕ್ಷೆಯ ವಾರದಲ್ಲಿ ‘ಗಿಫ್ಟ್ ಪ್ಯಾಕ್ ಸದ್ಯಕ್ಕಿಲ್ಲ’ ಎಂದು ಹಾಕಿದರೆ ಅಂಗಡಿ ಮುಳುಗುವುದಿಲ್ಲ.

ಅಂದಹಾಗೆ, ಇಂಥ ಅಲಂಕಾರದ ಕಾಗದ ದೊಡ್ಡ ವ್ಯಾಪಾರವಾದದ್ದೇ ಒಂದು ಹಬ್ಬದ ಗಡಿಬಿಡಿಯಲ್ಲಿ. 1917ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹಾಲ್ ಸಹೋದರರ ಅಂಗಡಿಯಲ್ಲಿ ಉಡುಗೊರೆ ಸುತ್ತುವ ತೆಳು ಕಾಗದ ಖಾಲಿಯಾಯಿತು. ಲಕೋಟೆಗಳ ಒಳಮೈಗೆ ಅಂಟಿಸಲು ಫ್ರಾನ್ಸಿನಿಂದ ತರಿಸಿದ್ದ ಚಿತ್ತಾರದ ಕಾಗದವನ್ನೇ ಹಾಳೆಗೆ 10 ಸೆಂಟಿನಂತೆ ಮಾರಲು ಇಟ್ಟರು, ಅದೂ ಖಾಲಿ. ಅವರ ಕಂಪನಿಯೇ ಮುಂದೆ ಹಾಲ್‌ಮಾರ್ಕ್ ಎಂದು ಹೆಸರಾಯಿತು. ಅವರು ಕಾಗದವನ್ನು ಪುಕ್ಕಟೆ ಕೊಡಲಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಎಲ್ಲರಿಂದಲೂ 77 ರೂಪಾಯಿ ಕೇಳುವುದೇ? ಬೇಡ. ಮೊದಲು ಒಂದು ಪ್ರಶ್ನೆ ಕೇಳಿ: ‘ಇದು ನೇರ ಉಡುಗೊರೆ ಪಡೆಯುವವರ ಮನೆಗೆ ಹೋಗಬೇಕೇ, ಅಥವಾ ನೀವೇ ಕೈಯಾರೆ ಕೊಡುತ್ತೀರಾ?’ ಕೈಯಾರೆ ಕೊಡುವವರಿಗೆ ಕಟ್ಟಿದ ಉಡುಗೊರೆಯೇ ಬೇಕಿಲ್ಲ. ಮಡಚಿದ ಒಂದು ಬಟ್ಟೆಯ ಸಂಚಿಯನ್ನೂ ಚೀಟಿಯನ್ನೂ ಡಬ್ಬಿಯೊಳಗೆ ಬೊಂಬೆಯ ಮೇಲೇ ಇಟ್ಟುಬಿಡಿ. ಹೊರಡಬ್ಬಿ ಇಲ್ಲ, ಮೆಟ್ಟಿಲು ಏರುವುದಿಲ್ಲ. ಜಪಾನಿನಲ್ಲಿ ಚೌಕ ಬಟ್ಟೆಯಲ್ಲಿ ಉಡುಗೊರೆ ಕಟ್ಟಿಕೊಡುವ ಪದ್ಧತಿಗೆ ಫುರೋಶಿಕಿ ಎಂದು ಹೆಸರು. ನಮ್ಮ ಅಜ್ಜಿಯರ ಎಲೆಯಡಿಕೆ ಸಂಚಿ ಅದಕ್ಕೆ ಏನೂ ಕಡಮೆಯದಲ್ಲ, ದರ್ಜಿಯ ಅಂಗಡಿಯಲ್ಲಿ ಉಳಿಯುವ ಖಣದ ತುಂಡುಗಳಲ್ಲೇ ಹೊಲಿಯಬಹುದು. ದೂರದ ಊರಿಗೆ ನೇರ ಹೋಗುವ ಉಡುಗೊರೆಗೆ ಮಾತ್ರ ಪೂರ್ತಿ ಕಟ್ಟಿ, ಪೂರ್ತಿ ದರ ಬರೆಯಿರಿ.

ಕಾಗದ ಕೊಳ್ಳುವಾಗ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಮುದುಡಿದಂತೆಯೇ ಇದ್ದರೆ ಅದು ಬಹುಮಟ್ಟಿಗೆ ಕಾಗದ. ತಾನಾಗಿ ಬಿಚ್ಚಿಕೊಂಡರೆ ಪ್ಲಾಸ್ಟಿಕ್, ರದ್ದಿಯವನೂ ಮುಟ್ಟುವುದಿಲ್ಲ. ಸಿಹಿತಿಂಡಿ ಮಾರುವವರಿಗೆ ಇನ್ನೊಂದು ಮಾತು: ಮಿಠಾಯಿ ಡಬ್ಬಿಯ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತುವುದಕ್ಕೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ.

ಕಟ್ಟಿದ ಮೇಲೆ ಎಲ್ಲ ಡಬ್ಬಿಗಳೂ ಅವಳಿಜವಳಿಗಳೇ. ಮೈಸೂರಿನ ಮಗುವಿನ ಗಿಲಕಿ ಧಾರವಾಡದ ತಾತನಿಗೆ ಹೋಗಬಾರದೆಂದರೆ, ಸುತ್ತುವ ಮೊದಲೇ ಕಾಗದದ ತಳಭಾಗದಲ್ಲಿ ಪೆನ್ಸಿಲಿನಿಂದ ಆರ್ಡರ್ ಸಂಖ್ಯೆ ಬರೆಯಿರಿ. ಬೆಲೆಯ ಬಿಲ್ಲನ್ನು ಕೊಂಡವರ ಫೋನಿಗೆ ಕಳಿಸಿ. ಕೊರಿಯರಿನವರು ಕೇಳುವ ಪ್ರತಿ ಹೊರಡಬ್ಬಿಯ ಮೇಲಿರಲಿ, ಉಡುಗೊರೆಯ ಜೊತೆ ಬೇಡ. ಶುಭಾಶಯದ ಚೀಟಿಯನ್ನು ಮನೆಯಲ್ಲಿ ದುಂಡಗೆ ಬರೆಯುವವರು ಯಾರೋ ಅವರೇ ಕನ್ನಡದಲ್ಲಿ ಬರೆಯಲಿ. ದೊಡ್ಡ ಕಂಪನಿಯ ಗೋದಾಮಿನಲ್ಲಿ ಇದು ಸುಲಭವಾಗಿ ಸಿಗುವಂಥದ್ದಲ್ಲ.

ಇಷ್ಟೆಲ್ಲ ಸಿದ್ಧವಾದ ಮೇಲೆ, ಹಬ್ಬಕ್ಕೆ ಇನ್ನೂ ಹದಿನೈದು ಇಪ್ಪತ್ತು ದಿನ ಇರುವಾಗ, ಕಟ್ಟಿದ ಒಂದು ಡಬ್ಬಿಯನ್ನು ಬೇರೆ ಊರಿನ ಸೋದರತ್ತೆಯ ಮನೆಗೆ ಕಳಿಸಿ. ಎಷ್ಟು ದಿನಕ್ಕೆ ತಲುಪಿತು, ಮೂಲೆ ಹರಿದಿತ್ತೇ, ರಿಬ್ಬನ್ ಚಪ್ಪಟೆಯಾಗಿತ್ತೇ ಎಂದು ಕೇಳಿ ಬರೆದುಕೊಳ್ಳಿ. ಆರ್ಡರು ತೆಗೆದುಕೊಳ್ಳುವ ಕೊನೆಯ ದಿನವನ್ನು ಆ ಲೆಕ್ಕದ ಮೇಲೆ ಗೊತ್ತುಮಾಡಿ. ಕೊರಿಯರಿನವರು ರಸೀದಿಯಲ್ಲಿ ಎಷ್ಟು ತೂಕ ನಮೂದಿಸಿದ್ದಾರೆ ಎಂಬುದನ್ನೂ, ಮಗನ ಸ್ಕೇಲಿನ ಲೆಕ್ಕದ ಪಕ್ಕ ಇಟ್ಟು ನೋಡಿ.