ಅದೃಷ್ಟವೆಂಬ ಸುಳ್ಳು ಸಾಕ್ಷಿ

ಸಾಫ್ಟ್‌ವೇರ್ ಉದ್ಯೋಗದ ಸಂದರ್ಶನ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತುಗಳನ್ನು ಗಮನಿಸಿರಿ. ಆಯ್ಕೆಯಾಗದ ಯುವಕ ‘ನನ್ನ ಅದೃಷ್ಟ ಸರಿಯಿರಲಿಲ್ಲ’ ಎನ್ನುತ್ತಾನೆ. ಆಯ್ಕೆಯಾದವನು ‘ಅದೃಷ್ಟ ಗಿದೃಷ್ಟ ಏನೂ ಇಲ್ಲ, ಎಲ್ಲವೂ ನನ್ನ ಶ್ರಮ’ ಎಂದು ಬೀಗುತ್ತಾನೆ. ಇಬ್ಬರನ್ನೂ ದೂರದಿಂದ ನೋಡುತ್ತಿರುವ ಊರಿನ ಹಿರಿಯರು ‘ಹಣೆಯಲ್ಲಿ ಬರೆದದ್ದು ತಪ್ಪುತ್ತದೆಯೇ?’ ಎಂದು ಹೇಳಿ ಎದ್ದು ಹೋಗುತ್ತಾರೆ. ಮೊದಲನೆಯವನು ತನ್ನ ಆಲಸ್ಯವನ್ನೂ ಮೂರನೆಯವರು ತಮ್ಮ ಹೊಣೆಗೇಡಿತನವನ್ನೂ ಮುಚ್ಚಿಡಲು ವಿಧಿಯನ್ನು ಸುಳ್ಳು ಸಾಕ್ಷಿಗೆ ಕರೆಯುತ್ತಿದ್ದಾರೆ. ನಡುವಿನವನು ನಿಜವಾದ ಸಾಕ್ಷಿಯನ್ನೇ ಹೊರಗಟ್ಟುತ್ತಿದ್ದಾನೆ. ಈ ಮೂರು ಮಾತುಗಳಲ್ಲಿ ಒಂದೂ ಸತ್ಯವಿಶ್ವಾಸಿಗೆ ಒಪ್ಪುವಂಥದ್ದಲ್ಲ.

ಮೊದಲನೆಯವನನ್ನೇ ನೋಡೋಣ. ಸಾಫ್ಟ್‌ವೇರ್ ಸಂದರ್ಶನದಲ್ಲಿ ಕೇಳುವುದು ಒಗಟುಗಳನ್ನಲ್ಲ. ಅರೇ, ಹ್ಯಾಶ್ ಟೇಬಲ್, ಟ್ರೀ, ಗ್ರಾಫ್, ವಿಂಗಡಣೆ, ಹುಡುಕಾಟ, ಡೇಟಾಬೇಸ್ ಎಂಬ ಕೆಲವೇ ವಿಷಯಗಳ ಸುತ್ತ ಹೆಚ್ಚಿನ ಪ್ರಶ್ನೆಗಳು ಸುತ್ತುತ್ತವೆ. ಒಂದು ಲಕ್ಷ ಸಂಖ್ಯೆಗಳ ಪಟ್ಟಿಯಲ್ಲಿ ಯಾವ ಎರಡನ್ನು ಕೂಡಿಸಿದರೆ ನಿರ್ದಿಷ್ಟ ಮೊತ್ತ ಬರುತ್ತದೆಂದು ಕಂಡುಹಿಡಿಯಬೇಕು ಎಂಬುದು ಬಹಳ ಹಳೆಯ ಪ್ರಶ್ನೆ. ಪ್ರತಿಯೊಂದನ್ನೂ ಉಳಿದೆಲ್ಲದರೊಂದಿಗೆ ಹೋಲಿಸುತ್ತ ಹೋದರೆ ಸುಮಾರು 500 ಕೋಟಿ ಜೋಡಿಗಳನ್ನು ನೋಡಬೇಕಾಗುತ್ತದೆ. ಕಂಡ ಸಂಖ್ಯೆಗಳನ್ನು ಹ್ಯಾಶ್ ಟೇಬಲಿನಲ್ಲಿ ಇಟ್ಟುಕೊಂಡು, ಬೇಕಾದ ಜೊತೆಗಾರ ಅದರಲ್ಲಿ ಇದ್ದಾನೆಯೇ ಎಂದು ಕೇಳುತ್ತ ಹೋದರೆ ಪಟ್ಟಿಯನ್ನು ಒಮ್ಮೆ ಓದಿದರೆ ಸಾಕು. ಈ ವ್ಯತ್ಯಾಸವನ್ನು ಅರಿತವನು ಪ್ರಶ್ನೆಯ ವೇಷ ಬದಲಾದರೂ ಗುರುತಿಸುತ್ತಾನೆ. ಉತ್ತರವನ್ನು ಬಾಯಿಪಾಠ ಮಾಡಿದವನು ವೇಷ ಬದಲಾದೊಡನೆ ತಡವರಿಸಿ, ಹೊರಗೆ ಬಂದು ಅದೃಷ್ಟವನ್ನು ಶಪಿಸುತ್ತಾನೆ.

ಇಪ್ಪತ್ತು ವಿಷಯಗಳಲ್ಲಿ ಐದನ್ನು ಮಾತ್ರ ಓದಿದವನಿಗೆ ಪರಿಚಿತ ಪ್ರಶ್ನೆ ಸಿಗುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಹದಿನೈದನ್ನು ಓದಿದವನಿಗೆ ನಾಲ್ಕರಲ್ಲಿ ಮೂರು ಪಾಲು. ಇಬ್ಬರಿಗೂ ‘ಅದೃಷ್ಟ’ ಬೇಕು, ನಿಜ. ಆದರೆ ಎಷ್ಟು ಬೇಕೆಂಬುದನ್ನು ಅವರವರ ರಾತ್ರಿಗಳು ಮೊದಲೇ ತೀರ್ಮಾನಿಸಿಬಿಟ್ಟಿವೆ.

ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದೆಂದು ಇಸ್ಲಾಮ್ ಎಲ್ಲಿಯೂ ಕಲಿಸಿಲ್ಲ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ಪ್ರವಾದಿ(ಸ)ರು ತಿಳಿಸಿದ ಪ್ರಸಂಗ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕ್ರಿ.ಶ. 622ರ ಹಿಜ್‌ರಾವನ್ನು ನೆನೆಯಿರಿ. ಅಬೂಬಕರ್(ರ)ರು ತಿಂಗಳುಗಳ ಮೊದಲೇ ಎರಡು ಒಂಟೆಗಳನ್ನು ಮೇವು ಹಾಕಿ ಸಿದ್ಧಗೊಳಿಸಿದ್ದರು. ಮದೀನಾ ಉತ್ತರಕ್ಕಿದ್ದರೂ ಪಯಣ ಮೊದಲು ದಕ್ಷಿಣದ ಸೌರ್ ಗುಹೆಯ ಕಡೆಗೆ ಸಾಗಿತು. ದಾರಿ ಬಲ್ಲವನೆಂಬ ಒಂದೇ ಕಾರಣಕ್ಕೆ, ಇನ್ನೂ ಇಸ್ಲಾಮ್ ಸ್ವೀಕರಿಸದಿದ್ದ ಅಬ್ದುಲ್ಲಾ ಬಿನ್ ಉರೈಕಿತ್‌ನನ್ನು ಮಾರ್ಗದರ್ಶಿಯಾಗಿ ಗೊತ್ತುಪಡಿಸಲಾಗಿತ್ತು. ಅಲ್ಲಾಹನ ನೆರವಿನ ಬಗ್ಗೆ ಪ್ರವಾದಿ(ಸ)ರಿಗಿಂತ ಹೆಚ್ಚು ಭರವಸೆ ಯಾರಿಗಿತ್ತು? ಆದರೂ ಸಿದ್ಧತೆಯಲ್ಲಿ ಒಂದು ಎಳೆಯನ್ನೂ ಅವರು ಬಿಡಲಿಲ್ಲ. ಇನ್ನೊಂದೆಡೆ, ಬಾಣಗಳನ್ನು ಎಳೆದು ಭವಿಷ್ಯ ನಿರ್ಧರಿಸುತ್ತಿದ್ದ ಅರಬರ ಪದ್ಧತಿಯನ್ನು ಕುರ್‌ಆನ್ ಮದ್ಯ ಮತ್ತು ಜೂಜಿನೊಂದಿಗೆ ಸೇರಿಸಿ ನಿಷೇಧಿಸಿತು. ಓದದೆ ಹೋಗಿ, ಗೊತ್ತಿರುವ ಪ್ರಶ್ನೆಯೇ ಬರಲೆಂದು ಕಾಯುವವನು ಆ ಬಾಣದ ಚೀಲಕ್ಕೆ ಮತ್ತೆ ಕೈ ಹಾಕುತ್ತಿಲ್ಲವೇ?

ಹಾಗಾದರೆ ಸಿದ್ಧತೆಯಿದ್ದವರೆಲ್ಲ ಗೆಲ್ಲುತ್ತಾರೆಯೇ ಎಂದು ಕೇಳಬಹುದು. ಇಲ್ಲ. ಮಾರುಕಟ್ಟೆ ಕುಸಿಯುತ್ತದೆ, ಹುದ್ದೆಗಳು ರದ್ದಾಗುತ್ತವೆ, ಸಂದರ್ಶಕನಿಗೆ ತಲೆನೋವಿರುತ್ತದೆ. 2022ರಲ್ಲಿಯೇ ಉದ್ಯೋಗಪತ್ರ ಪಡೆದಿದ್ದ ಅನೇಕ ಪದವೀಧರರು ಇನ್ಫೋಸಿಸ್ ಸೇರಲು 2024ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಆಂತರಿಕ ಪರೀಕ್ಷೆಯ ಮೂರು ಅವಕಾಶಗಳಲ್ಲೂ ತೇರ್ಗಡೆಯಾಗಲಿಲ್ಲವೆಂಬ ಕಾರಣಕ್ಕೆ 2025ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯ ಮೈಸೂರು ತರಬೇತಿ ಕೇಂದ್ರದಿಂದ 300ಕ್ಕೂ ಹೆಚ್ಚು ಮಂದಿ ಹೊರಬಂದರು. ಪರೀಕ್ಷೆಯನ್ನು ಬಿಗಿಗೊಳಿಸಲಾಗಿತ್ತೆಂದು ಅವರಲ್ಲಿ ಹಲವರು ದೂರಿದರು. ಇದು ಮೊದಲಿನಿಂದಲೂ ಇರುವ ಕ್ರಮವೆಂದು ಸಂಸ್ಥೆ ಹೇಳಿತು. ವಿವಾದವೇನೇ ಇರಲಿ, ಎರಡು ವರ್ಷದ ಕಾಯುವಿಕೆ ಆ ಮಕ್ಕಳ ಆಲಸ್ಯದ ಫಲವಾಗಿರಲಿಲ್ಲ. ಮನುಷ್ಯನ ಹಿಡಿತಕ್ಕೆ ಮೀರಿದ್ದು ಇದೆ ಎಂಬುದನ್ನು ಅಲ್ಲಗಳೆಯುವವನು ಲೋಕವನ್ನು ನೋಡಿಲ್ಲ.

ಆದರೆ ವಿಧಿಯೆಂಬ ಮಾತಿಗೆ ಒಂದು ಹೊತ್ತಿದೆ. ಪ್ರಯೋಜನಕಾರಿಯಾದುದಕ್ಕಾಗಿ ಹಂಬಲಿಸಿ ದುಡಿಯಬೇಕು, ಅಲ್ಲಾಹನ ನೆರವು ಬೇಡಬೇಕು, ನಿಶ್ಶಕ್ತರಂತೆ ಕೂರಬಾರದು, ಇಷ್ಟರ ಮೇಲೂ ಆಪತ್ತು ಬಂದರೆ ‘ಹೀಗೆ ಮಾಡಿದ್ದರೆ’ ಎಂದು ಕೊರಗದೆ ಅದು ಅಲ್ಲಾಹನ ನಿರ್ಣಯವೆಂದು ಸ್ವೀಕರಿಸಬೇಕು ಎಂಬುದು ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಹದೀಸಿನ ಆಶಯ. ಕ್ರಮವನ್ನು ಗಮನಿಸಿರಿ. ದುಡಿಮೆ ಮೊದಲು, ದುಆ ಜೊತೆಯಲ್ಲಿ, ವಿಧಿಯ ಮಾತು ಕೊನೆಯಲ್ಲಿ. ಸೋತ ಮೇಲೆ ಅದು ಸಾಂತ್ವನ. ದುಡಿಯುವ ಮೊದಲೇ ಹೇಳಿದರೆ ಅದು ನೆಪ. ಸಾಂತ್ವನ ಪಡೆದವನು ಮತ್ತೆ ಏಳಬೇಕು. ಒಂದು ಸಂದರ್ಶನದಲ್ಲಿ ಗೆಲ್ಲುವ ಸಂಭವ ನಾಲ್ಕರಲ್ಲಿ ಒಂದೇ ಇದ್ದರೂ, ಅಂತಹ ಐದನ್ನು ಎದುರಿಸಿದರೆ ಒಂದರಲ್ಲಾದರೂ ಗೆಲ್ಲುವ ಸಂಭವ ಶೇ. 76ರಷ್ಟಾಗುತ್ತದೆ. ಒಂದೇ ಸೋಲಿಗೆ ಹಣೆಬರಹವನ್ನು ಓದಿ ಮುಗಿಸಿದವನು ಉಳಿದ ನಾಲ್ಕು ಬಾಗಿಲುಗಳನ್ನು ತಾನೇ ಮುಚ್ಚಿಕೊಂಡನು.

ಗೆದ್ದು ಬೀಗುವವನಿಗೆ ಹೆಚ್ಚು ಹೇಳಬೇಕಾಗಿಲ್ಲ. ತನ್ನ ಸಂಪತ್ತೆಲ್ಲ ತನ್ನ ಜ್ಞಾನದಿಂದಲೇ ಬಂದಿತೆಂದವನು ಕಾರೂನ್. ಅವನ ಅಂತ್ಯ ಎಲ್ಲರಿಗೂ ತಿಳಿದದ್ದೇ. ನಿನಗೆ ಶಾಲೆಯ ಶುಲ್ಕ ಕಟ್ಟಿದ ತಂದೆ, ನಿನ್ನ ಪ್ರಶ್ನೆಗೆ ಉತ್ತರಿಸಿದ ಗೆಳೆಯ, ಪರೀಕ್ಷೆಯ ದಿನ ಕೆಡದ ಆರೋಗ್ಯ, ಇವುಗಳಲ್ಲಿ ಯಾವುದನ್ನು ನೀನು ಸೃಷ್ಟಿಸಿದೆ?

ಈಗ ಮೂರನೆಯವರು. ನಿಜವಾದ ಆರೋಪ ಇವರ ಮೇಲಿದೆ. ಮಲೆ ಮಹದೇಶ್ವರ ಬೆಟ್ಟವನ್ನು ಇಳಿದು ಮೆಟ್ಟೂರಿನ ದಾರಿ ಹಿಡಿದರೆ ರಾಜ್ಯದ ಗಡಿಯಲ್ಲಿ ಪಾಲಾರ್ ಸಿಗುತ್ತದೆ. ಹೊರಗಿನವರಿಗೆ ಆ ಹೆಸರು ಕೇಳಿದೊಡನೆ 1993ರ ಏಪ್ರಿಲ್ 9ರ ನೆಲಬಾಂಬ್ ಸ್ಫೋಟ ನೆನಪಾಗುತ್ತದೆ. ಅಲ್ಲಿಯೂ ಮಕ್ಕಳು ಓದುತ್ತಿದ್ದಾರೆಂಬುದು ನೆನಪಾಗುವುದಿಲ್ಲ. ಅಲ್ಲಿಂದ ತಾಲ್ಲೂಕು ಕೇಂದ್ರವಾದ ಹನೂರಿಗೆ ಬರಲು ಬೆಟ್ಟ ಹತ್ತಿ ಇಳಿಯಬೇಕು. ಕೊಳ್ಳೇಗಾಲ ಅದರಾಚೆ. ಸರಕಾರಿ ಇಂಜಿನಿಯರಿಂಗ್ ಕಾಲೇಜು ಇನ್ನೂ ಆಚೆ, ಚಾಮರಾಜನಗರದಲ್ಲಿ. ಆ ದಾರಿಯನ್ನೆಲ್ಲ ದಾಟಿ ಪದವಿ ಪಡೆದ ಹುಡುಗನ ಎದುರು, ಬೆಂಗಳೂರಿನಲ್ಲಿ ಎರಡು ವರ್ಷ ತರಬೇತಿ ಪಡೆದು ಹತ್ತು ಅಣಕು ಸಂದರ್ಶನ ಎದುರಿಸಿದ ಹುಡುಗ ಕುಳಿತಿರುತ್ತಾನೆ. ಇವನಿಗೆ ತನ್ನ ಆಲೋಚನೆಯನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುವ ಸಂದರ್ಭವೇ ಅಂದಿನವರೆಗೆ ಬಂದಿರುವುದಿಲ್ಲ. ಇವನು ಸೋತರೆ ಅದನ್ನು ಅದೃಷ್ಟವೆಂದು ಕರೆಯಲು ನಮಗೆ ನಾಚಿಕೆಯಾಗಬೇಕು. ಅದು ಇವನ ಅದೃಷ್ಟವಲ್ಲ, ನಾವು ಹಂಚದೆ ಉಳಿಸಿಕೊಂಡ ಸಿದ್ಧತೆ.

20 ವರ್ಷ ಮೇಲ್ಪಟ್ಟ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಎಂದು 2001ರ ಜನಗಣತಿಯ ಆಧಾರದಲ್ಲಿ ಸಾಚಾರ್ ಸಮಿತಿ 2006ರಲ್ಲಿ ದಾಖಲಿಸಿತು. ಆ ವರದಿಯನ್ನು ಭಾಷಣಗಳಲ್ಲಿ ಉಲ್ಲೇಖಿಸುವುದರಲ್ಲಿ ನಾವು ನಿಪುಣರು. ಆದರೆ ಒಂದು ವಿವಾಹದ ಔತಣಕ್ಕೆ ಸುರಿಯುವ ಹಣದಲ್ಲಿ ನಾಲ್ಕು ಕಂಪ್ಯೂಟರ್‌ಗಳು ಬರುತ್ತವೆಂಬ ಲೆಕ್ಕ ನಮ್ಮ ಜಮಾಅತ್ ಸಭೆಗಳಲ್ಲಿ ಎಷ್ಟು ಬಾರಿ ಚರ್ಚೆಗೆ ಬಂದಿದೆ?

ಬೇಕಾಗಿರುವುದು ದೊಡ್ಡ ಸಂಸ್ಥೆಯಲ್ಲ. ಮಸೀದಿಗೆ ಹೊಂದಿಕೊಂಡಿರುವ ಮದ್ರಸದ ಕೋಣೆ ಸಂಜೆ ಇಶಾದವರೆಗೆ ತೆರೆದಿರಲಿ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ನೋಡಲು ಶುಲ್ಕವಿಲ್ಲ. ಅವನ್ನು ಅಲ್ಲಿ ಇಳಿಸಿಟ್ಟರೆ ಕಾಡಂಚಿನ ಊರಿನ ದುರ್ಬಲ ನೆಟ್‌ವರ್ಕ್ ಅಡ್ಡಿಯಾಗದು. ಬೆಂಗಳೂರು, ಮೈಸೂರುಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಇಂಜಿನಿಯರುಗಳು ವಾರಕ್ಕೊಂದು ಗಂಟೆ ಫೋನಿನಲ್ಲಿ ಅಣಕು ಸಂದರ್ಶನ ನಡೆಸಲಿ. ತಾವು ಎಡವಿದ ಪ್ರಶ್ನೆಗಳನ್ನು ಬರೆದು ಕಳುಹಿಸಲಿ. ಆ ಕೋಣೆಯ ಬಾಗಿಲು ಸೋಲಿಗರ ಹುಡುಗಿಗೂ ನೆರೆಯ ತಮಿಳು ಹುಡುಗನಿಗೂ ತೆರೆದಿರಲಿ. ನೆರೆಯವನ ಹಕ್ಕಿಗೆ ಧರ್ಮದ ಗಡಿಯಿಲ್ಲ. ಜ್ಞಾನವೂ ಅಮಾನತ್ತು. ಅದನ್ನು ಬಚ್ಚಿಟ್ಟವನು ವಿಚಾರಣೆಯಿಂದ ತಪ್ಪಿಸಿಕೊಳ್ಳಲಾರ.

ಈಜಿಪ್ಟಿನ ದೊರೆಯ ಮುಂದೆ ಪ್ರವಾದಿ ಯೂಸುಫ್(ಅ)ರು ನಿಂತಾಗ ಅದೃಷ್ಟದ ಮಾತೆತ್ತಲಿಲ್ಲ. ತಾನು ಕಾಪಾಡಬಲ್ಲವನು, ತಿಳಿದವನು ಎಂದು ತಮ್ಮ ಅರ್ಹತೆಯನ್ನು ಮುಂದಿಟ್ಟು ಭಂಡಾರದ ಹೊಣೆಯನ್ನು ಕೇಳಿ ಪಡೆದರು. ಏಳು ವರ್ಷ ಧಾನ್ಯ ಕೂಡಿಟ್ಟು ಮುಂದಿನ ಏಳು ವರ್ಷಗಳ ಬರವನ್ನು ಎದುರಿಸಿದರು. ಕೂಡಿಟ್ಟದ್ದು ತಮ್ಮ ಮನೆಗಲ್ಲ, ಇಡೀ ನಾಡಿಗೆ. ಆದುದರಿಂದ ಯುವಕರೇ, ದುಆಕ್ಕೆ ಕೈಯೆತ್ತುವ ಮೊದಲು ಆ ಕೈಯಲ್ಲಿ ಪುಸ್ತಕವಿತ್ತೇ ಎಂದು ಕೇಳಿಕೊಳ್ಳಿರಿ. ಹಿರಿಯರೇ, ಹಣೆಬರಹದ ಮಾತಾಡುವ ಮೊದಲು ನಿಮ್ಮ ಬೀಗದ ಕೋಣೆಯ ಕೀಲಿ ಎಲ್ಲಿದೆಯೆಂದು ನೋಡಿಕೊಳ್ಳಿರಿ. ದುಡಿಯುವ ಬಲವನ್ನೂ ಹಂಚುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.